ಅತಿಥಿಗೆ ಎಲೆಯುಂಟು, ಪಾಲಿಲ್ಲ

ಭಾನುವಾರ ಪೆರುಂಬಾವೂರಿನ ಪೇಟೆಯಲ್ಲಿ ಮಲಯಾಳದಷ್ಟೇ ಬಂಗಾಳಿ, ಅಸ್ಸಾಮಿ, ಒಡಿಯಾ ಕಿವಿಗೆ ಬೀಳುತ್ತವೆ. ಕೊಚ್ಚಿಗೆ ಹತ್ತಿರದ ಈ ಊರಿನ ಪ್ಲೈವುಡ್ ಕಾರ್ಖಾನೆಗಳು ನಡೆಯುವುದೇ ಆ ನುಡಿಯಾಡುವವರ ಕೈಬಲದಿಂದ. ಯಾವ ರಾಜ್ಯದವನಾದರೂ ಊರವರಿಗೆ ಅವನು ‘ಬಂಗಾಳಿ’, ಎದುರಿಗೆ ಸಿಕ್ಕರೆ ‘ಭಾಯಿ’. ಸರ್ಕಾರದ ಕಾಗದದಲ್ಲಿ ಮಾತ್ರ ‘ಅತಿಥಿ ಕಾರ್ಮಿಕ’.

ತಿರುವನಂತಪುರದ ಗುಲಾಟಿ ಸಂಸ್ಥೆಯ 2013ರ ಅಧ್ಯಯನ ಕೇರಳದಲ್ಲಿ ಇಂಥವರು ಸುಮಾರು 25 ಲಕ್ಷ ಎಂದು ಅಂದಾಜಿಸಿತ್ತು. ಅದೇ ನಗರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಿಂದ ಮಾಡುತ್ತ ಬಂದ ವಲಸೆ ಸಮೀಕ್ಷೆಗಳಲ್ಲಿ ಹೊರದೇಶದ ಮಲಯಾಳಿಗಳ ಲೆಕ್ಕವೂ 20 ಲಕ್ಷ ದಾಟಿದೆ. ಮಗ ದುಬೈಗೆ ಹೋದ. ಅವನು ಕಳಿಸಿದ ದುಡ್ಡಿನ ಮನೆಗೆ ಗಾರೆ ಕಲಸಲು ಮುರ್ಷಿದಾಬಾದಿನ ಹುಡುಗ ಬಂದ.

ಹೊರಗಿನವರು ಬಂದರೆ ಸಿಟ್ಟಿನ ಪಕ್ಷ ಬೆಳೆಯುತ್ತದೆ ಎಂಬ ಯುರೋಪಿನ ಲೆಕ್ಕ ಇಲ್ಲಿ ತಾಳೆಯಾಗದು. ಹಳೆಯ ಪಕ್ಷಗಳ ಮೇಲಿನ ಬೇಸರಕ್ಕೆ ಕೊಚ್ಚಿ ಬಳಿಯ ಕಿಳಕ್ಕಂಬಲದಲ್ಲಿ ಬೇರೆಯೇ ದಾರಿ ಸಿಕ್ಕಿತು. ಕಿಟೆಕ್ಸ್ ಉಡುಪು ಕಂಪನಿಯ ಆಸರೆಯಲ್ಲಿ ಹುಟ್ಟಿದ ‘ಟ್ವೆಂಟಿ20’ ಎಂಬ ಸಂಘಟನೆ ಜನರಿಗೆ ಅಗ್ಗದ ದಿನಸಿ ಒದಗಿಸಿ, 2015ರಲ್ಲಿ ಪಂಚಾಯತಿಯ 19 ವಾರ್ಡುಗಳಲ್ಲಿ 17 ಗೆದ್ದಿತು. ಆ ಕಂಪನಿಯಲ್ಲಿ ದುಡಿಯುವವರಲ್ಲೂ ಹೊರರಾಜ್ಯದವರು ಬಹಳ. ಅಲ್ಲಿ ಓಟು ತಂದದ್ದು ಭಾಯಿಯ ಮೇಲಿನ ಹಗೆಯಲ್ಲ, ಅಕ್ಕಿಬೇಳೆಯ ದರ.

1966ರ ಮುಂಬೈ ಹೀಗಿರಲಿಲ್ಲ. ಗುಮಾಸ್ತನ ಒಂದೇ ಕುರ್ಚಿಗೆ ಮರಾಠಿ ಹುಡುಗನೂ ದಕ್ಷಿಣದ ಹುಡುಗನೂ ಕಾದಿದ್ದರು. ಆ ಪೈಪೋಟಿಯ ಮೇಲೆ ಶಿವಸೇನೆ ಬೆಳೆಯಿತು. ಏಟು ನಮ್ಮ ಉಡುಪಿ ಹೋಟೆಲುಗಳಿಗೂ ಬಿತ್ತು. 2024ರ ಜುಲೈಯಲ್ಲಿ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆ ನಮ್ಮ ಕರ್ನಾಟಕದ ಸಂಪುಟದ ಒಪ್ಪಿಗೆ ಪಡೆದು, ಕೆಲವೇ ದಿನಗಳಲ್ಲಿ ತಡೆಬಿದ್ದದ್ದೂ ಕುರ್ಚಿಯ ವಿಷಯವಾಗಿಯೇ. ಪೆರುಂಬಾವೂರಿನಲ್ಲಿ ಭಾಯಿ ಹಿಡಿದ ಕೆಲಸಕ್ಕೆ ಊರ ಹುಡುಗ ಕಾದಿರಲಿಲ್ಲ. ಎಷ್ಟು ಜನ ಬಂದರು ಎಂಬುದಕ್ಕಿಂತ ಯಾವ ಜಾಗಕ್ಕೆ ಬಂದರು ಎಂಬುದೇ ಓಟಿನ ಬಣ್ಣ ಬದಲಿಸುತ್ತದೆ.

ಆದರೆ ತೆರವಾದ ಜಾಗ ಸದಾ ತೆರವಾಗಿರುವುದಿಲ್ಲ. ಸೌದಿ ಅರೇಬಿಯಾ 2011ರಲ್ಲಿ ತನ್ನವರಿಗೇ ಮೊದಲ ಕೆಲಸ ಎಂದು ‘ನಿತಾಖತ್’ ತಂದಾಗ ಮಲಯಾಳಿಯ ಎದೆ ಧಸಕ್ಕೆಂದಿತ್ತು. ಎಷ್ಟು ವರ್ಷ ದುಡಿದರೂ ಗಲ್ಫ್ ಅವನಿಗೆ ಎಲೆ ಹಾಕಿತು, ಪಾಲು ಕೊಡಲಿಲ್ಲ. ಅವನು ಹಿಂತಿರುಗಿದ ಮನೆಯ ಹೊಸ್ತಿಲಲ್ಲಿ ಈಗ ಭಾಯಿ ನಿಂತಿದ್ದಾನೆ. ಅತಿಥಿಯ ಪಾಡೇನೆಂದು ಮಲಯಾಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಓಟಿನ ದಿನ ಅದು ನೆನಪಿದ್ದರೆ ಸಾಕು.