ಬೇಗೂರಿನ ಕಲ್ಲು ಹೊತ್ತ ಸುದ್ದಿ
ಎಲೆಕ್ಟ್ರಾನಿಕ್ ಸಿಟಿಯಿಂದ ಹೆಚ್ಚು ದೂರವಿಲ್ಲದ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲೊಂದಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಎಂಬುದು ಅದರ ಸುದ್ದಿ. ಬೆಂಗಳೂರು ಎಂಬ ಹೆಸರು ಅಷ್ಟು ಹಳೆಯದೆಂದು ನಮಗೆ ತಿಳಿದದ್ದು ಆ ಕಲ್ಲಿನಿಂದಲೇ. ಅದನ್ನು ಕೆತ್ತಿಸಿದವರಿಗೆ ಮಾಹಿತಿಯೆಂದರೆ ಒಂದು ಸಾವು, ಒಂದು ಊರು, ಅಲ್ಲೇ ನಿಂತು ಓದುವ ಜನ. ಸುದ್ದಿಯನ್ನು ಕಲ್ಲಿನಿಂದ ಬಿಡಿಸುವ ಯೋಚನೆಯೇ ಅವರಿಗಿರಲಿಲ್ಲ. ಬಿಡಿಸುವ ಕೆಲಸ ಶುರುವಾದದ್ದು ಶಾಸನತಜ್ಞ ಬಿ.ಎಲ್. ರೈಸ್ ಅವರಂಥವರು ಶಾಸನಗಳ ಅಚ್ಚು ತೆಗೆದು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಮುದ್ರಿಸಿದಾಗ. 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಇನ್ನೂ ಮುಂದೆ ಹೋದರು: ಸಂದೇಶದ ಅರ್ಥವನ್ನು ಬದಿಗಿಟ್ಟು, ಅದು ಎಷ್ಟು ಅನಿಶ್ಚಿತತೆಯನ್ನು ಕಳೆಯುತ್ತದೆ ಎಂಬುದನ್ನು ಬಿಟ್‌ಗಳಲ್ಲಿ ಅಳೆದರು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ದುಡಿಮೆಯೆಲ್ಲ ನಿಂತಿರುವುದು ಈ ಅಳತೆಯ ಮೇಲೆ. ಅದೊಂದು ಮಹಾ ಸಾಧನೆ, ಅನುಮಾನವಿಲ್ಲ. ಆದರೆ ಅರ್ಥವನ್ನು ಬದಿಗಿಟ್ಟದ್ದು ಲೆಕ್ಕದ ಅನುಕೂಲಕ್ಕೆ. ಬದುಕಿನಲ್ಲೂ ಹಾಗೆ ಮಾಡಲಾಗದು. ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಈಗ ಬೆಂಗಳೂರಿನ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ, ಸವೆದ ಅಕ್ಷರವೂ ಪರದೆಯ ಮೇಲೆ ಓದಲು ಸಿಗುತ್ತದೆ. ಆದರೂ ಯಾವ ಕೆರೆಯ ಏರಿ, ಯಾವ ಗುಡಿಯ ಮಗ್ಗುಲು ಎಂಬುದು ತಪ್ಪಿಹೋದರೆ ಶಾಸನದ ಅರ್ಧ ಮಾತು ಹೋದಂತೆ. ನಿಮ್ಮ ಬಡಾವಣೆಯಲ್ಲಿ ಪಾಯ ತೋಡುವಾಗ ಅಕ್ಷರವಿರುವ ಕಲ್ಲು ಸಿಕ್ಕರೆ ದಯವಿಟ್ಟು ಕದಲಿಸಬೇಡಿ. ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ.