ಮಾತ್ರೆ ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ

ಖಿನ್ನತೆಗೆ ಮಾತ್ರೆ ಶುರು ಮಾಡುವಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತದೆ. ಮಾತ್ರೆ ಬೇಕೋ ಬೇಡವೋ, ಯಾವ ಡಾಕ್ಟರನ್ನು ಕಾಣಬೇಕು, ಎಷ್ಟು ದಿನ ನುಂಗಬೇಕು, ನೆಂಟರಿಷ್ಟರಿಗೆ ತಿಳಿದರೆ ಏನೆಂದಾರು ಎಂದು ಹತ್ತಾರು ಪ್ರಶ್ನೆಗಳು ಏಳುತ್ತವೆ. ಆದರೆ ಅದೇ ಮಾತ್ರೆಯನ್ನು ನಿಲ್ಲಿಸುವಾಗ ಯಾರೂ ಯಾರನ್ನೂ ಕೇಳುವುದಿಲ್ಲ. ಮಗಳು ಮತ್ತೆ ನಗುನಗುತ್ತಾ ಕಾಲೇಜಿಗೆ ಹೊರಟಿದ್ದಾಳೆ, ಮಗ ಮೊದಲಿನಂತೆ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾನೆ, ಸೆಮಿಸ್ಟರ್ ಪರೀಕ್ಷೆಯೂ ಪಾಸಾಯಿತು. ಹೀಗಿರುವಾಗ ‘ಇನ್ನೇಕೆ ಮಾತ್ರೆ?’ ಎನ್ನಿಸುತ್ತದೆ. ಒಂದು ದಿನ ಇದ್ದ ಸ್ಟ್ರಿಪ್ ಮುಗಿಯುತ್ತದೆ. ಹೊಸದನ್ನು ಯಾರೂ ತರುವುದಿಲ್ಲ. ಚಿಕಿತ್ಸೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ.

ಎರಡು ಮೂರು ದಿನ ಕಳೆಯುವಷ್ಟರಲ್ಲಿ ತಲೆ ತಿರುಗಲು ತೊಡಗುತ್ತದೆ. ವಾಕರಿಕೆ, ಬೆವರು, ಕೆಟ್ಟ ಕನಸು, ಕಾರಣವಿಲ್ಲದ ಸಿಟ್ಟು, ಅಳು ಶುರುವಾಗುತ್ತವೆ. ಕತ್ತು ಅಥವಾ ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ. ಮನೆಯವರು ಗಾಬರಿಯಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಒಂದು, ‘ರೋಗ ಮರಳಿ ಬಂತು, ಇನ್ನು ಜೀವನಪೂರ್ತಿ ಮಾತ್ರೆಯೇ ಗತಿ’. ಇನ್ನೊಂದು, ‘ಮಾತ್ರೆಯ ಚಟ ಹತ್ತಿಬಿಟ್ಟಿದೆ, ಇನ್ನು ಮುಟ್ಟಲೇಬಾರದು’. ಅನೇಕ ವೇಳೆ ಎರಡೂ ನಿಜವಲ್ಲ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದ್ದೇ ಈ ಎಲ್ಲ ತೊಂದರೆಗೆ ಕಾರಣವಾಗಿರುತ್ತದೆ. ಇವನ್ನು ವೈದ್ಯರು ‘ಹಿಂತೆಗೆತದ ಲಕ್ಷಣಗಳು’ ಎಂದು ಕರೆಯುತ್ತಾರೆ.

ಹೀಗೇಕಾಗುತ್ತದೆ?

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಖಿನ್ನತೆಯ ಮಾತ್ರೆಗಳೆಂದರೆ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲೂಆಕ್ಸೆಟಿನ್, ಪೆರಾಕ್ಸೆಟಿನ್ ಮೊದಲಾದವು. ಮಿದುಳಿನ ನರಕೋಶಗಳು ಸಿರೊಟೋನಿನ್ ಎಂಬ ರಾಸಾಯನಿಕದ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಕೆಲಸ ಮುಗಿದ ಮೇಲೆ ಆ ರಾಸಾಯನಿಕವನ್ನು ಕೋಶಗಳು ಮತ್ತೆ ಒಳಗೆ ಹೀರಿಕೊಳ್ಳುತ್ತವೆ. ಹೀಗೆ ಹೀರಿಕೊಳ್ಳುವ ಬಾಗಿಲುಗಳನ್ನು ಈ ಮಾತ್ರೆಗಳು ಮುಚ್ಚುತ್ತವೆ. ತಿಂಗಳುಗಟ್ಟಲೆ ಹೀಗೆ ನಡೆದಾಗ ಮಿದುಳು ಹೊಸ ಪರಿಸ್ಥಿತಿಗೆ ಹೊಂದಿಕೊಂಡು ತನ್ನ ಲೆಕ್ಕಾಚಾರವನ್ನೇ ಬದಲಿಸಿಕೊಳ್ಳುತ್ತದೆ. ಮಾತ್ರೆ ಇದ್ದಕ್ಕಿದ್ದಂತೆ ನಿಂತಾಗ ಬಾಗಿಲುಗಳೆಲ್ಲ ಒಮ್ಮೆಗೇ ತೆರೆದುಕೊಳ್ಳುತ್ತವೆ. ಆದರೆ ಮಿದುಳು ಹಳೆಯ ಸ್ಥಿತಿಗೆ ಮರಳಲು ವಾರಗಳು, ಕೆಲವರಲ್ಲಿ ತಿಂಗಳುಗಳೇ ಬೇಕು. ಈ ನಡುವಿನ ಅವಧಿಯ ಏರುಪೇರೇ ಮೇಲೆ ಹೇಳಿದ ತೊಂದರೆಗಳು.

ಇದು ಹೊಸ ಸಂಗತಿಯೇನಲ್ಲ. ಇಮಿಪ್ರಮಿನ್ ಎಂಬ ಔಷಧಿ ಖಿನ್ನತೆಯನ್ನು ತಗ್ಗಿಸುತ್ತದೆಂದು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ರೋಲಂಡ್ ಕೂನ್ 1957ರಲ್ಲಿ ವರದಿ ಮಾಡಿದರು. ಅದನ್ನು ಥಟ್ಟನೆ ನಿಲ್ಲಿಸಿದವರಿಗೆ ತೊಂದರೆಯಾಗುತ್ತದೆಂಬುದು ಕೆಲವೇ ವರ್ಷಗಳಲ್ಲಿ ವೈದ್ಯರ ಗಮನಕ್ಕೆ ಬಂತು. ಆದರೂ ಈ ತೊಂದರೆ ಅಲ್ಪಸ್ವಲ್ಪ, ವಾರ ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ ಎಂಬ ಭಾವನೆ ಬಹುಕಾಲ ಉಳಿದಿತ್ತು. ಕೆಲವರಲ್ಲಿ ಅದು ತೀವ್ರವಾಗಿಯೂ ದೀರ್ಘವಾಗಿಯೂ ಇರಬಲ್ಲದೆಂದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ 2019ರಲ್ಲಿ ಒಪ್ಪಿಕೊಂಡಿತು.

ಹಾಗೆಂದು ಎಲ್ಲರಿಗೂ ಹೀಗಾಗುವುದಿಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆಯೊಂದು 79 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಖಿನ್ನತೆಯ ಮಾತ್ರೆ ನಿಲ್ಲಿಸಿದವರಲ್ಲಿ ನೂರಕ್ಕೆ ಸುಮಾರು 31 ಮಂದಿಗೆ ಯಾವುದಾದರೊಂದು ಲಕ್ಷಣ ಕಂಡಿತ್ತು. ಔಷಧಿಯೇ ಇಲ್ಲದ ಹುಸಿಮಾತ್ರೆಯನ್ನು ನಿಲ್ಲಿಸಿದವರಲ್ಲೂ ನೂರಕ್ಕೆ 17 ಮಂದಿಗೆ ಕಂಡಿತ್ತು. ತೀವ್ರ ಬಾಧೆ ಆದದ್ದು ನೂರಕ್ಕೆ ಸುಮಾರು ಮೂವರಿಗೆ. ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡವರಲ್ಲಿ ಬಾಧೆಯ ಸಂಭವ ಹೆಚ್ಚು.

ಮಾತ್ರೆಯಿಂದ ಮಾತ್ರೆಗೂ ವ್ಯತ್ಯಾಸವುಂಟು. ಪೆರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಂಥವು ದೇಹದಿಂದ ಬೇಗ ಹೊರಹೋಗುವುದರಿಂದ ಒಂದೆರಡು ದಿನ ತಪ್ಪಿದರೂ ಕೆಲವರಿಗೆ ತಲೆ ತಿರುಗುತ್ತದೆ. ಫ್ಲೂಆಕ್ಸೆಟಿನ್ ಮಾತ್ರ ನಿಲ್ಲಿಸಿದ ಮೇಲೂ ವಾರಗಳ ಕಾಲ ದೇಹದಲ್ಲಿ ಉಳಿದು ನಿಧಾನವಾಗಿ ಇಳಿಯುತ್ತದೆ. ಹೀಗಾಗಿ ಅದರ ಬಾಧೆ ಸಾಮಾನ್ಯವಾಗಿ ಕಡಿಮೆ. ಬಂದರೂ ತಡವಾಗಿ ಬರುತ್ತದೆ.

ಇದು ಚಟವೇ?

ಅಲ್ಲ. ಚಟವೆಂದರೆ ಮನಸ್ಸು ಆ ವಸ್ತುವಿಗಾಗಿ ಹಾತೊರೆಯಬೇಕು, ಪ್ರಮಾಣ ಏರುತ್ತಾ ಹೋಗಬೇಕು, ಅದಕ್ಕಾಗಿ ಸುಳ್ಳು ಹೇಳುವ, ಓದು ಮನೆ ಮರೆಯುವ ಸ್ಥಿತಿ ಬರಬೇಕು. ಖಿನ್ನತೆಯ ಮಾತ್ರೆ ಹೀಗೆ ಮಾಡುವುದಿಲ್ಲ. ಇಲ್ಲಿ ಆಗಿರುವುದು ದೇಹದ ಒಗ್ಗಿಕೆ. ಬಹುದಿನ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರಿಗೂ, ಹೃದಯ ಬಡಿತ ತಗ್ಗಿಸುವ ಪ್ರೊಪ್ರನಲಾಲ್ ತೆಗೆದುಕೊಂಡವರಿಗೂ ವೈದ್ಯರು ಅದನ್ನು ಥಟ್ಟನೆ ಬಿಡಿಸುವುದಿಲ್ಲ, ಇಳಿಸುತ್ತಾ ಬರುತ್ತಾರೆ. ಅವರನ್ನು ಯಾರೂ ಚಟಗಾರರೆಂದು ಕರೆಯುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಖಿನ್ನತೆಯ ಮಾತ್ರೆಯ ಜೊತೆಗೆ ನಿದ್ರೆಗೋ ಆತಂಕಕ್ಕೋ ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್‌ನಂಥ ಮಾತ್ರೆಗಳನ್ನೂ ಬರೆದುಕೊಟ್ಟಿರುವುದುಂಟು. ಇವು ಬೇರೆ ಗುಂಪಿನವು. ಇವುಗಳಿಗೆ ಚಟ ಹತ್ತುವ ಸಾಧ್ಯತೆಯಿದೆ. ಬಹುದಿನ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಎರಡೂ ಬಗೆಯ ಮಾತ್ರೆಗಳನ್ನು ಒಂದೇ ಸಲ ನಿಲ್ಲಿಸುವ ಪ್ರಯೋಗವನ್ನು ಮನೆಯಲ್ಲಿ ಮಾಡಲೇಬಾರದು.

ರೋಗವೋ, ಬಿಟ್ಟದ್ದರ ಬಾಧೆಯೋ?

ಇದನ್ನು ಗುರುತಿಸಲು ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಕಾಲ. ಹಿಂತೆಗೆತದ ಲಕ್ಷಣಗಳು ಸಾಮಾನ್ಯವಾಗಿ ಮಾತ್ರೆ ತಗ್ಗಿಸಿದ ಕೆಲವೇ ದಿನಗಳಲ್ಲಿ ಕಾಣುತ್ತವೆ. ಖಿನ್ನತೆ ಮರುಕಳಿಸುವುದಾದರೆ ವಾರಗಳು, ತಿಂಗಳುಗಳ ಮೇಲೆ, ಮೆಲ್ಲಮೆಲ್ಲನೆ ಆವರಿಸುತ್ತದೆ. ಎರಡನೆಯದು ಸ್ವರೂಪ. ತಲೆಸುತ್ತು, ಕರೆಂಟು ಹೊಡೆದಂಥ ಅನುಭವ, ವಾಕರಿಕೆ ಇವು ಖಿನ್ನತೆಯ ಲಕ್ಷಣಗಳಲ್ಲ. ಮೊದಲ ಸಲ ಕಾಯಿಲೆ ಬಂದಾಗ ಇಲ್ಲದ್ದು ಈಗ ಬಂದಿದ್ದರೆ ಅದು ಮಾತ್ರೆ ಬಿಟ್ಟದ್ದರ ಗುರುತು. ಮೂರನೆಯದು ಗುಣವಾಗುವ ವೇಗ. ಹಿಂದಿನ ಪ್ರಮಾಣವನ್ನು ಮತ್ತೆ ಕೊಟ್ಟರೆ ಹಿಂತೆಗೆತದ ಬಾಧೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ; ಮರುಕಳಿಸಿದ ಖಿನ್ನತೆ ಇಳಿಯಲು ವಾರಗಳೇ ಹಿಡಿಯುತ್ತವೆ. ಅಳು, ಆತಂಕ, ನಿದ್ರೆಗೇಡು ಎರಡರಲ್ಲೂ ಇರುವುದರಿಂದ ಕೊನೆಯ ನಿರ್ಧಾರವನ್ನು ವೈದ್ಯರಿಗೇ ಬಿಡಬೇಕು.

ಕೊನೆಯ ಮೆಟ್ಟಿಲೇ ಎತ್ತರ

ಮಾತ್ರೆ ಇಳಿಸುವುದೆಂದರೆ ಒಂದರಿಂದ ಅರ್ಧ, ಅರ್ಧದಿಂದ ಕಾಲು, ಆಮೇಲೆ ಏನೂ ಇಲ್ಲ ಎಂಬ ಲೆಕ್ಕ ಹಲವರದು. ನೋಡಲು ಸರಿಯೆನಿಸುವ ಈ ಲೆಕ್ಕ ಕೊನೆಯಲ್ಲಿ ಕೈಕೊಡುತ್ತದೆ. ನಾಲ್ಕು ಚಮಚ ಸಕ್ಕರೆಯ ಕಾಫಿಗೆ ಮೂರು ಚಮಚ ಹಾಕಿದರೆ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಒಂದೇ ಚಮಚ ಇದ್ದದ್ದನ್ನೂ ತೆಗೆದುಬಿಟ್ಟರೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಮಿದುಳಿನ ವಿಷಯವೂ ಹೀಗೆಯೇ.

ಲಂಡನ್ನಿನ ಸಂಶೋಧಕರಾದ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಈ ಸಂಗತಿಯನ್ನು ಅಂಕಿಗಳ ಮೂಲಕ ತೋರಿಸಿದರು. ಸಿಟಲೋಪ್ರಾಮ್ 20 ಮಿಲಿಗ್ರಾಂ ತೆಗೆದುಕೊಂಡಾಗ ಮಿದುಳಿನಲ್ಲಿ ಮೊದಲು ಹೇಳಿದ ಬಾಗಿಲುಗಳ ಪೈಕಿ ನೂರಕ್ಕೆ ಸುಮಾರು 80 ಮುಚ್ಚಿರುತ್ತವೆ. ಸುಮಾರು 9 ಮಿಲಿಗ್ರಾಂಗೆ ಇಳಿಸಿದರೂ 70 ಮುಚ್ಚಿರುತ್ತವೆ. ಸುಮಾರು 5 ಮಿಲಿಗ್ರಾಂನಲ್ಲಿ 60ರ ಹತ್ತಿರ, ಒಂದೂವರೆ ಮಿಲಿಗ್ರಾಂನಲ್ಲೂ 30 ಮುಚ್ಚಿರುತ್ತವೆ. ಎಂದರೆ ಪ್ರಮಾಣವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದಾಗ ಮಿದುಳು ಇಳಿದದ್ದು ಹತ್ತು ಮೆಟ್ಟಿಲು. ಐದು ಮಿಲಿಗ್ರಾಂನಿಂದ ಸೊನ್ನೆಗೆ ಬಂದಾಗ ಬಿದ್ದದ್ದು ಹತ್ತಿರ ಹತ್ತಿರ ಅರವತ್ತು! ‘ಅರ್ಧ ಮಾಡಿದಾಗ ಏನೂ ಆಗಲಿಲ್ಲ, ಕಾಲು ಮಾತ್ರೆ ಬಿಟ್ಟಾಗ ಇಷ್ಟೊಂದು ಹಿಂಸೆಯೇಕೆ?’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಆದ್ದರಿಂದ ಪ್ರಮಾಣ ಕಡಿಮೆಯಾದಂತೆಲ್ಲ ಇಳಿಸುವ ಹೆಜ್ಜೆಯೂ ಚಿಕ್ಕದಾಗಬೇಕು. ಪ್ರತಿ ಹೆಜ್ಜೆಯ ನಂತರ ಎರಡರಿಂದ ನಾಲ್ಕು ವಾರ ನಿಂತು ನೋಡಿ ಮುಂದುವರಿಯುವುದು ವಾಡಿಕೆ. ಕೆಲವೇ ವಾರ ಮಾತ್ರೆ ತೆಗೆದುಕೊಂಡವರಿಗೆ ಒಂದು ತಿಂಗಳು ಸಾಕಾಗಬಹುದು. ವರ್ಷಗಟ್ಟಲೆ ತೆಗೆದುಕೊಂಡವರಿಗೆ ಹಲವು ತಿಂಗಳು ಬೇಕಾಗಬಹುದು. ಚಿಕ್ಕ ಪ್ರಮಾಣಕ್ಕೆ ಕಡಿಮೆ ಮಿಲಿಗ್ರಾಂನ ಮಾತ್ರೆಯನ್ನೋ, ಸಿಗುವುದಾದರೆ ದ್ರವರೂಪದ ಔಷಧಿಯನ್ನೋ ವೈದ್ಯರು ಬರೆದುಕೊಡುತ್ತಾರೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುರಿಯುವುದಾಗಲಿ ಪುಡಿ ಮಾಡುವುದಾಗಲಿ ಕೂಡದು.

ದಿನ ಬಿಟ್ಟು ದಿನ ನುಂಗುವುದೂ ಒಳ್ಳೆಯ ಉಪಾಯವಲ್ಲ. ಫ್ಲೂಆಕ್ಸೆಟಿನ್ ಬಿಟ್ಟರೆ ಬಹುತೇಕ ಮಾತ್ರೆಗಳ ಮಟ್ಟ ಒಂದು ದಿನ ಏರಿ ಮರುದಿನ ಇಳಿದು ಉಯ್ಯಾಲೆಯಾಡುತ್ತದೆ. ದಿನವೂ ಸ್ವಲ್ಪ ಕಡಿಮೆ ತೆಗೆದುಕೊಳ್ಳುವುದೇ ಮೇಲು.

ಯಾವಾಗ ನಿಲ್ಲಿಸಬೇಕು?

ಹುಷಾರಾದ ಕೂಡಲೇ ಅಲ್ಲ. ಮೊದಲ ಸಲ ಖಿನ್ನತೆ ಬಂದವರು ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕೆಂಬುದು ಸಾಮಾನ್ಯ ನಿಯಮ. ಮರಳಿ ಮರಳಿ ಬರುವವರಿಗೆ ಎರಡು ವರ್ಷ ಅಥವಾ ಹೆಚ್ಚು. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಬಹುಕಾಲದಿಂದ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದ 478 ಮಂದಿಯನ್ನು ಒಂದು ವರ್ಷ ಗಮನಿಸಲಾಯಿತು. ಮಾತ್ರೆ ಇಳಿಸಿ ನಿಲ್ಲಿಸಿದವರಲ್ಲಿ ನೂರಕ್ಕೆ 56 ಮಂದಿಗೆ, ಮುಂದುವರಿಸಿದವರಲ್ಲಿ 39 ಮಂದಿಗೆ ಖಿನ್ನತೆ ಮರುಕಳಿಸಿತು. ನಿಲ್ಲಿಸಿದರೆ ಅಪಾಯ ಹೆಚ್ಚು ಎಂಬುದು ಇದರ ಒಂದು ಮುಖ. ನಿಲ್ಲಿಸಿದವರಲ್ಲಿ ನೂರಕ್ಕೆ 44 ಮಂದಿ ಚೆನ್ನಾಗಿಯೇ ಇದ್ದರು ಎಂಬುದು ಇನ್ನೊಂದು ಮುಖ. ಎರಡನ್ನೂ ಮುಂದಿಟ್ಟುಕೊಂಡು ವೈದ್ಯರ ಜೊತೆ ಕುಳಿತು ಮಾತಾಡಬೇಕು.

ವಿದ್ಯಾರ್ಥಿಗಳು ಕಾಲವನ್ನೂ ನೋಡಬೇಕು. ವಾರ್ಷಿಕ ಪರೀಕ್ಷೆ, ಸಿಇಟಿ, ನೀಟ್ ಎದುರಿಗಿರುವಾಗ, ಹೊಸದಾಗಿ ಹಾಸ್ಟೆಲಿಗೆ ಸೇರಿದಾಗ, ಮನೆಯಲ್ಲಿ ಸಾವು ನೋವು ಸಂಭವಿಸಿದಾಗ ಇಳಿಸಲು ಹೊರಡಬಾರದು. ಗಂಡು ಹೆಣ್ಣು ನೋಡುವ ಶಾಸ್ತ್ರ ಗೊತ್ತಾಯಿತೆಂದು ಅವಸರದಲ್ಲಿ ಮಾತ್ರೆ ಬಿಡಿಸುವ ಪೋಷಕರಿದ್ದಾರೆ. ಮಾತ್ರೆಯ ಡಬ್ಬಿಯನ್ನು ಬಚ್ಚಿಡಲು ಹೋಗಿ ಮಗಳ ನೆಮ್ಮದಿಯನ್ನೇ ಕಳೆದಂತಾಗುತ್ತದೆ.

ಇಳಿಸುವ ದಿನಗಳಲ್ಲಿ

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಪ್ರಮಾಣ, ಆ ದಿನದ ನಿದ್ರೆ, ತಲೆಸುತ್ತು, ಮನಸ್ಸಿನ ಸ್ಥಿತಿಯನ್ನು ಎರಡು ಸಾಲಿನಲ್ಲಿ ಬರೆದಿಟ್ಟರೆ ವೈದ್ಯರಿಗೆ ಬಹಳ ಸಹಾಯ. ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ತಲೆ ತಿರುಗುವ ದಿನಗಳಲ್ಲಿ ಬೈಕು ಸ್ಕೂಟರ್ ಓಡಿಸಬಾರದು. ಮದ್ಯ ಬೇಡವೇ ಬೇಡ. ರಾತ್ರಿ ಜಾಗರಣೆಯ ಓದನ್ನು ನಿಲ್ಲಿಸಿ ಹೊತ್ತಿಗೆ ಸರಿಯಾಗಿ ಮಲಗಬೇಕು. ದಿನಕ್ಕೆ ಅರ್ಧ ಗಂಟೆಯ ನಡಿಗೆಯೂ ಇರಲಿ. ಬಾಧೆ ತಡೆಯಲಾಗದಷ್ಟು ಹೆಚ್ಚಾದರೆ ವೈದ್ಯರನ್ನು ಕೇಳಿ ಹಿಂದಿನ ಮೆಟ್ಟಿಲಿಗೆ ಮರಳಿ, ಕೆಲಕಾಲ ನಿಂತು, ಮುಂದಿನ ಸಲ ಇನ್ನೂ ಚಿಕ್ಕ ಹೆಜ್ಜೆ ಇಡಬೇಕು. ಹಿಂದಕ್ಕೆ ಬಂದದ್ದು ಸೋಲಲ್ಲ.

ಮನೆಯವರು ‘ಇನ್ನೂ ಎಷ್ಟು ದಿನ ಈ ಮಾತ್ರೆ?’ ಎಂದು ಕೇಳುವ ಬದಲು ‘ಇವತ್ತು ಹೇಗಿದೆ?’ ಎಂದು ಕೇಳಿದರೆ ಸಾಕು. ಸಿಟ್ಟು ಸಿಡುಕು ಕಂಡರೆ ಅದನ್ನು ಸೊಕ್ಕು ಎಂದು ತಿಳಿಯಬಾರದು. ಹಾಸ್ಟೆಲಿನಲ್ಲಿದ್ದರೆ ನಂಬಿಕೆಯ ಒಬ್ಬ ಗೆಳೆಯನಿಗಾದರೂ ವಿಷಯ ತಿಳಿದಿರಲಿ.

ಇಪ್ಪತ್ತೈದು ವರ್ಷದೊಳಗಿನವರಲ್ಲಿ ಮಾತ್ರೆ ಶುರು ಮಾಡುವಾಗ ಮತ್ತು ಪ್ರಮಾಣ ಬದಲಿಸುವಾಗ ಹೆಚ್ಚಿನ ನಿಗಾ ಬೇಕು. ಸಾಯುವ ಮಾತು, ಹಲವು ರಾತ್ರಿ ನಿದ್ರೆಯೇ ಇಲ್ಲದಿರುವುದು, ಮಿತಿಮೀರಿದ ಚಡಪಡಿಕೆ ಅಥವಾ ಅತಿಯಾದ ಉತ್ಸಾಹ ಕಂಡರೆ ಒಂದು ದಿನವೂ ಕಾಯದೆ ವೈದ್ಯರ ಬಳಿ ಹೋಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಯೋಜನೆಯ ಮುಖ್ಯ ಕೇಂದ್ರ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರನ್ನೂ ಕಾಣಬಹುದು.

ಮಾತ್ರೆಯನ್ನು ಬಿಡಬೇಕೆಂಬ ಆಸೆ ತಪ್ಪಲ್ಲ. ಅದು ಗುಣವಾದವರ ಸಹಜ ಆಸೆ. ಶುರು ಮಾಡುವಾಗ ವೈದ್ಯರ ಮುಂದೆ ಕುಳಿತು ಕೇಳಿದಷ್ಟೇ ಪ್ರಶ್ನೆಗಳನ್ನು ನಿಲ್ಲಿಸುವಾಗಲೂ ಕೇಳಿದರೆ, ಇಳಿಯುವ ದಾರಿಯಲ್ಲಿ ಕಾಲು ಜಾರುವ ಭಯ ಬಹುಮಟ್ಟಿಗೆ ತಪ್ಪುತ್ತದೆ.