ಅಳಿಸಿದ ಸಾಲುಗಳು ಕಲಿಸುವ ಪಾಠ

ನ್ಯಾಯ ಹೇಳುವ ಪೀಠವನ್ನು ನಮ್ಮ ಹಿರಿಯರು ಧರ್ಮಾಸನವೆಂದು ಕರೆದರು. ಜಗಲಿಯ ಮೇಲೆ ಕುಳಿತು ಆಡಿದ ಮಾತು ಗಾಳಿಗೆ ಹೋಗುತ್ತದೆ. ಧರ್ಮಾಸನದಿಂದ ಹೊರಟ ಮಾತು ನೊಂದವರ ಬದುಕಿನ ಮೇಲೆ ಬಂದು ಕೂರುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ 2020ರ ಆದೇಶವೊಂದನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆನಿಸಿದೆ. ವಿಷಯ ಮುಜುಗರದ್ದು. ಆದರೆ ಹೆಣ್ಣುಮಕ್ಕಳಿರುವ ಮನೆಗಳು ಇಂತಹುದನ್ನು ಮುಚ್ಚಿಡುವುದು ಶ್ರೇಯಸ್ಕರವಲ್ಲ.

ಆ ಆದೇಶ ನೀಡಿದವರು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು. ಸಹಾಯಕ ಸಾಲಿಸಿಟರ್ ಜನರಲ್ ಆಗಿ ಕೇಂದ್ರ ಸರ್ಕಾರದ ಪರ ವಾದಿಸುತ್ತಿದ್ದ ಅವರು 2018ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯದ ಪೀಠವೇರಿದರು. 2022ರಲ್ಲಿ ಹಿಜಾಬ್ ಪ್ರಕರಣವನ್ನು ತೀರ್ಮಾನಿಸಿದ ಮೂವರಲ್ಲಿ ಒಬ್ಬರಾದರು. 2024ರ ಡಿಸೆಂಬರಿನಲ್ಲಿ ಅವರಿದ್ದ ಪೀಠವು ಕನ್ನಡದಲ್ಲಿಯೇ ತೀರ್ಪಿತ್ತು ನಾಡಿನ ಗಮನ ಸೆಳೆಯಿತು. 2025ರಲ್ಲಿ ಅವರು ಒಡಿಶಾ ಉಚ್ಚ ನ್ಯಾಯಾಲಯಕ್ಕೆ ವರ್ಗವಾದರು. ಇಷ್ಟು ಬಲ್ಲವರ ಲೇಖನಿಯಿಂದ ಬಂದುದರಿಂದಲೇ ಆ ಸಾಲುಗಳು ಹೆಚ್ಚು ನೋಯಿಸಿದವು.

ನಡೆದುದಿಷ್ಟು. ಮದುವೆಯ ಭರವಸೆ ಕೊಟ್ಟು ಅತ್ಯಾಚಾರವೆಸಗಿದನೆಂಬ ಆರೋಪ ಹೊತ್ತವನೊಬ್ಬ ನಿರೀಕ್ಷಣಾ ಜಾಮೀನು ಬೇಡಿದ್ದನು. ಜೂನ್ 22ರಂದು ಜಾಮೀನು ದೊರೆಯಿತು. ದೂರಿತ್ತ ಮಹಿಳೆ ರಾತ್ರಿ 11 ಗಂಟೆಗೆ ಕಚೇರಿಗೆ ಹೋದುದೇಕೆಂದು ಹೇಳಿಲ್ಲ, ಅವನೊಡನೆ ಮದ್ಯ ಸೇವಿಸಲು ಆಕ್ಷೇಪಿಸಿಲ್ಲ ಎಂದು ಆದೇಶವು ಎತ್ತಿ ಹೇಳಿತು. ಕೃತ್ಯದ ಬಳಿಕ ದಣಿದು ನಿದ್ದೆ ಹೋದೆನೆಂಬ ಆಕೆಯ ಹೇಳಿಕೆ ಭಾರತೀಯ ನಾರಿಗೆ ಒಪ್ಪುವಂಥದಲ್ಲ, ನಮ್ಮ ಹೆಂಗಸರು ಹಾಗೆ ವರ್ತಿಸುವುದಿಲ್ಲ ಎಂಬ ಅರ್ಥದ ಮಾತನ್ನೂ ಸೇರಿಸಿತು. ದೇಶದಾದ್ಯಂತ ಆಕ್ಷೇಪವೆದ್ದಿತು. ವಕೀಲೆ ಅಪರ್ಣಾ ಭಟ್ ಅವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಜುಲೈ 2ರಂದು, ಅಂದರೆ ಹತ್ತೇ ದಿನಗಳಲ್ಲಿ, ನಾರಿಯ ನಡತೆಯನ್ನು ಕುರಿತ ಆ ಸಾಲುಗಳನ್ನು ನ್ಯಾಯಮೂರ್ತಿಗಳೇ ಆದೇಶದಿಂದ ತೆಗೆದುಹಾಕಿದರು. ತಾವು ಬರೆದುದನ್ನು ತಾವೇ ಅಳಿಸುವುದು ಸಣ್ಣ ಮಾತಲ್ಲ. ಅದನ್ನು ನಾವು ಗೌರವದಿಂದಲೇ ನೆನೆಯಬೇಕು.

ಜಾಮೀನು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಆರೋಪ ಸಿದ್ಧವಾಗುವ ತನಕ ಯಾರೂ ಅಪರಾಧಿಯಲ್ಲ. ಆರೋಪಿಯು ತಲೆಮರೆಸಿಕೊಳ್ಳುವನೇ, ಸಾಕ್ಷಿಗಳನ್ನು ಬೆದರಿಸುವನೇ, ಆರೋಪದ ಗುರುತ್ವವೆಷ್ಟು ಎಂಬುದನ್ನು ನ್ಯಾಯಾಲಯ ತೂಗಿ ನೋಡಬೇಕು. ಹೆಣ್ಣೊಬ್ಬಳು ನಿದ್ದೆ ಹೋದಳೆಂಬುದು ಇವುಗಳಲ್ಲಿ ಯಾವುದನ್ನೂ ತಿಳಿಸದು. ನೋವುಂಡವರಲ್ಲಿ ಒಬ್ಬರು ಚೀರುತ್ತಾರೆ, ಒಬ್ಬರು ಕಲ್ಲಾಗುತ್ತಾರೆ, ಮತ್ತೊಬ್ಬರು ಕುಸಿದು ಮಲಗುತ್ತಾರೆ. ಶರೀರದಿಂದ ಪ್ರತಿಭಟಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಹೆಣ್ಣು ಸಮ್ಮತಿಸಿದಳೆಂದು ತಿಳಿಯಬಾರದೆಂದು 2013ರ ತಿದ್ದುಪಡಿಯಲ್ಲಿಯೇ ಶಾಸನವು ಸ್ಪಷ್ಟಪಡಿಸಿತ್ತು.

ಮರುವರ್ಷವೇ ಸರ್ವೋಚ್ಚ ನ್ಯಾಯಾಲಯ ಈ ಬಗೆಯ ಮಾತುಗಳಿಗೆ ಎಲ್ಲೆ ಹಾಕಿತು. ಮಧ್ಯಪ್ರದೇಶದಲ್ಲಿ ಲೈಂಗಿಕ ಕಿರುಕುಳದ ಆರೋಪಿಗೆ, ದೂರಿತ್ತವಳ ಮನೆಗೇ ಹೋಗಿ ಆಕೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ ಜಾಮೀನು ಕೊಡಲಾಗಿತ್ತು. ಅದನ್ನು ಪ್ರಶ್ನಿಸಿದವರೂ ಅಪರ್ಣಾ ಭಟ್ ಅವರೇ. 2021ರ ಮಾರ್ಚ್ 18ರಂದು ಆ ಷರತ್ತನ್ನು ರದ್ದುಗೊಳಿಸಿದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರು. 1958ರಲ್ಲಿ ನಮ್ಮ ಮೈಸೂರಿನಲ್ಲಿ ಜನಿಸಿದ ಇವರು ದೆಹಲಿಯಲ್ಲಿ ವಕೀಲಿ ನಡೆಸಿ, 2004ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವನ್ನು, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿ, 2023ರಲ್ಲಿ ನಿವೃತ್ತರಾದರು. ರಾತ್ರಿ ಒಂಟಿಯಾಗಿ ಹೋಗುವವಳು ಆಪತ್ತನ್ನು ತಾನೇ ಕರೆದುಕೊಂಡಳು, ಮದ್ಯ ಸೇವಿಸಿದವಳ ಮೇಲೆ ಕೈಮಾಡಲು ಅದೇ ಸಮರ್ಥನೆ, ಮೈಮೇಲೆ ಗಾಯವಿಲ್ಲದಿದ್ದರೆ ಒಪ್ಪಿಗೆಯಿತ್ತು: ಇಂತಹ ರೂಢಿಯ ಎಣಿಕೆಗಳನ್ನು ತೀರ್ಪು ಒಂದೊಂದಾಗಿ ಹೆಸರಿಸಿ, ಅವು ನ್ಯಾಯಾಲಯದ ಬಾಯಲ್ಲಿ ಬರಕೂಡದೆಂದಿತು. ರಾಜಿಯನ್ನಾಗಲಿ, ಮದುವೆಯನ್ನಾಗಲಿ ಸೂಚಿಸಬಾರದು. ಜಾಮೀನು ಕೊಟ್ಟರೆ ಎರಡು ದಿನಗಳೊಳಗೆ ದೂರಿತ್ತವರಿಗೆ ತಿಳಿಸಬೇಕು ಎಂದು ವಿಧಿಸಿತು.

ಈ ಎಣಿಕೆಗಳು ನ್ಯಾಯಾಲಯದಲ್ಲಿ ಹುಟ್ಟಿದವಲ್ಲ. ನಮ್ಮ ನಡುಮನೆಯಿಂದಲೇ ಅಲ್ಲಿಗೆ ಹೋದವು. ಸಿದ್ಧಾರ್ಥನಗರದ ಓದುಗ ಬಂಧುಗಳ ಕೂಟವೊಂದರಲ್ಲಿ ಈ ಪ್ರಸಂಗ ಬಂದಾಗ ಹಿರಿಯರೊಬ್ಬರು, “ಅಷ್ಟು ಹೊತ್ತಿನಲ್ಲಿ ಹೆಣ್ಣಿಗೆ ಹೊರಗೇನು ಕೆಲಸ?” ಎಂದರು. ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿರುವ ಅವರ ಸೊಸೆ ಮೆಲುದನಿಯಲ್ಲಿ, “ಮಾವನವರೆ, ಪಾಳಿ ಮುಗಿಸಿ ನಾನು ಮನೆ ಸೇರುವುದೇ ಹನ್ನೊಂದಕ್ಕೆ” ಎಂದರು. ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ.

ಆದುದರಿಂದ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಅಂತಹ ದುರ್ದಿನ ಯಾರ ಮನೆಗೂ ಬಾರದಿರಲಿ. ಬಂದರೆ, ಎಲ್ಲಿಗೆ ಹೋಗಿದ್ದೆ, ಏನು ಉಟ್ಟಿದ್ದೆ ಎಂದು ಮಗಳನ್ನು ಕೇಳಬೇಡಿ. ಪಕ್ಕದಲ್ಲಿ ಕುಳಿತು ಅವಳು ಹೇಳಿದ್ದನ್ನು ಕೇಳಿಸಿಕೊಳ್ಳಿ. ಮೊದಲು ಚಿಕಿತ್ಸೆ ಕೊಡಿಸಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಇದನ್ನು ಉಚಿತವಾಗಿ ಕೊಡಬೇಕೆಂದು ಕಾನೂನಿದೆ. ಕೃತ್ಯ ಎಲ್ಲಿಯೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಉಚ್ಚ ನ್ಯಾಯಾಲಯ ತನ್ನ ಸಾಲುಗಳನ್ನು ಹತ್ತು ದಿನಗಳಲ್ಲಿ ಅಳಿಸಿತು. ಮನೆಯ ಹಿರಿಯರು ಆಡಿದ ಮಾತನ್ನು ಅಳಿಸುವ ಪೀಠ ಮತ್ತೊಂದಿಲ್ಲ. ಆಡುವ ಮುನ್ನ ನಾವೇ ತೂಗಿಕೊಳ್ಳಬೇಕು.